ಪಿಡಿಎಫ್, ಫ್ಲಿಪ್‌ಬುಕ್, ಇ-ಪಬ್: ಒಂದೇ ಬಟನ್ ಮೂರು ಕಡೆ ಒತ್ತಿ ನೋಡಿದೆ

ಫೋಟೋಗ್ರಫಿ ಕಲಿಯುವವರಿಗಾಗಿ 24 ಪುಟದ ಒಂದು ಡಿಜಿಟಲ್ ಕಿರುಪುಸ್ತಕ ಮಾಡಿದೆ. ಓದಿದವರು ಅದರೊಳಗಿನ ಬಟನ್ ಒತ್ತಿ ತರಗತಿಗೆ ಹೆಸರು ಕೊಡಬೇಕಿತ್ತು. ಕಾಲ್ ಟು ಆ್ಯಕ್ಷನ್ ಬಟನ್ ಅನ್ನುವುದು ಇದಕ್ಕೇ. ಅದೇ ಬರಹ, ಅದೇ ಚಿತ್ರ ಇಟ್ಟುಕೊಂಡು ಪುಸ್ತಕವನ್ನು ಮೂರು ರೂಪದಲ್ಲಿ ತಯಾರಿಸಿದೆ: ಪಿಡಿಎಫ್, ಬ್ರೌಸರಿನಲ್ಲಿ ಪುಟ ತಿರುವುವ ಫ್ಲಿಪ್‌ಬುಕ್, ಮತ್ತೆ ಪರದೆಗೆ ತಕ್ಕಂತೆ ಸಾಲು ಹೊಂದಿಕೊಳ್ಳುವ ಇ-ಪುಸ್ತಕ, ಅಂದರೆ ಇ-ಪಬ್. ಮನೆಯವರ, ಗೆಳೆಯರ ಫೋನು, ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಎಲ್ಲದರಲ್ಲೂ ತೆರೆದು ನೋಡಿದೆ. ಒತ್ತಿದವರು ಹೋಗಬೇಕಾದ ಜಾಗಕ್ಕೆ ಹೋಗಿ ತಲುಪುತ್ತಾರಾ ಅನ್ನುವುದಷ್ಟೇ ನನಗೆ ಬೇಕಿತ್ತು. ಬಣ್ಣ, ನೆರಳು, ಅನಿಮೇಷನ್ ಎಲ್ಲ ಆಮೇಲೆ.

ಪಿಡಿಎಫ್‌ನಿಂದಲೇ ಶುರು ಮಾಡುತ್ತೇನೆ. ಜಾಸ್ತಿ ಪೆಟ್ಟು ತಿಂದದ್ದೂ ಜಾಸ್ತಿ ಕಲಿತದ್ದೂ ಅಲ್ಲೇ.

ಮೊದಲ ಕರಡನ್ನು ಅಕ್ಕನ ಫೋನಿಗೆ ಕಳಿಸಿದೆ. ಅವಳು ಕಿತ್ತಳೆ ಬಣ್ಣದ ಬಟನ್ ಮೇಲೆ ನಾಲ್ಕು ಸಲ ಒತ್ತಿದಳು. ಏನೂ ಆಗಲಿಲ್ಲ. "ಇದು ಬರೀ ಚಿತ್ರ ಇರಬೇಕು ಕಣೇ" ಎಂದು ಮುಂದಿನ ಪುಟಕ್ಕೆ ಹೋದಳು. ಅವಳು ಹೇಳಿದ್ದು ನಿಜವೇ ಆಗಿತ್ತು. ಪುಟ ವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಿಂದ ಪಿಡಿಎಫ್ ತೆಗೆಯಲು ಎರಡು ದಾರಿಗಳಿವೆ, ಪ್ರಿಂಟ್ ಮತ್ತು ಇಂಟರಾಕ್ಟಿವ್. ನಾನು ರೂಢಿಯಂತೆ ಪ್ರಿಂಟ್ ಆಯ್ಕೆ ಮಾಡಿದ್ದೆ. ಆ ದಾರಿಯಲ್ಲಿ ಬಟನ್‌ನ ರೂಪ ಮಾತ್ರ ಪುಟಕ್ಕೆ ಬರುತ್ತದೆ, ಅದರ ಕೆಲಸ ಹಿಂದೆಯೇ ಉಳಿಯುತ್ತದೆ.

ಇಂಟರಾಕ್ಟಿವ್ ಆಗಿ ತೆಗೆದ ಮೇಲೆ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಹೋಯಿತು. ಆದರೆ ಫೋನಿನ ಕೆಲವು ಆ್ಯಪ್‌ಗಳಲ್ಲಿ ಬಟನ್ ಆಗಲೂ ಸುಮ್ಮನೇ ಇತ್ತು. ಇನ್‌ಡಿಸೈನ್‌ನ ಬಟನ್ ಪಿಡಿಎಫ್‌ನೊಳಗೆ ಹೋದಾಗ ಅರ್ಜಿ ನಮೂನೆಯ ಒಂದು ಅಂಗವಾಗುತ್ತದೆ. ಮಾಮೂಲಿ ಹೈಪರ್‌ಲಿಂಕ್ ಹಾಗಲ್ಲ, ಅದು ಲಿಂಕ್ ಆಗಿಯೇ ಉಳಿಯುತ್ತದೆ. ನಾನು ನೋಡಿದ ಆ್ಯಪ್‌ಗಳಲ್ಲಿ ಲಿಂಕ್ ಎಲ್ಲ ಕಡೆ ನಡೆಯಿತು, ಬಟನ್ ಕೆಲವೇ ಕಡೆ. ಹಾಗಾಗಿ ಬಟನ್ ಉಪಕರಣವನ್ನೇ ಬಿಟ್ಟೆ. ಒಂದು ಆಯತ ಬಿಡಿಸಿ, ಮೂಲೆ ದುಂಡಗೆ ಮಾಡಿ, ಆ ಚೌಕಟ್ಟಿಗೇ ಹೈಪರ್‌ಲಿಂಕ್ ಕೊಟ್ಟೆ. ಮೌಸ್ ಮೇಲೆ ಬಂದಾಗ ಬಣ್ಣ ಬದಲಾಗುವ ಸೌಲಭ್ಯ ಹೋಯಿತು. ಹೋದರೆ ಹೋಗಲಿ, ಫೋನಿನಲ್ಲಿ ಮೌಸ್ ಎಲ್ಲಿದೆ? ಒತ್ತಿದರೆ ಉತ್ತರ ತೆರೆದುಕೊಳ್ಳುವ ಪೆಟ್ಟಿಗೆಗಳನ್ನೂ ತೆಗೆದೆ. ಒಂದು ಫೋನಿನಲ್ಲಿ ಉತ್ತರ ಬರಲೇ ಇಲ್ಲ. ಇನ್ನೊಂದರಲ್ಲಿ ಒತ್ತುವ ಮೊದಲೇ ಕಾಣುತ್ತಿತ್ತು.

ಅಳತೆಯ ವಿಷಯ ನನಗೆ ಹೊಳೆದದ್ದು ಇನ್ನೂ ತಡವಾಗಿ. ಒತ್ತುವ ಜಾಗ ಕನಿಷ್ಠ 44 ಪಾಯಿಂಟ್ (ವಿನ್ಯಾಸದಲ್ಲಿ ಬಳಸುವ ಅಳತೆ) ಇರಲಿ ಎಂದು ಆ್ಯಪಲ್ ತನ್ನ ವಿನ್ಯಾಸ ಸೂಚಿಯಲ್ಲಿ ಹೇಳುತ್ತದೆ. ನಾನು ಅದನ್ನು ನಂಬಿ ಎ4 ಪುಟದಲ್ಲಿ 44 ಪಾಯಿಂಟ್ ಎತ್ತರದ ಬಟನ್ ಇಟ್ಟಿದ್ದೆ. ಎ4 ಪುಟದ ಅಗಲ 595 ಪಾಯಿಂಟ್. ಫೋನಿನ ಪರದೆಯ ಅಗಲ ಸುಮಾರು 390 ಎಂದುಕೊಳ್ಳಿ. ಇಡೀ ಪುಟ ಪರದೆಗೆ ಹೊಂದಿಕೊಂಡಾಗ ನನ್ನ ಬಟನ್ 29ಕ್ಕೆ ಇಳಿಯುತ್ತದೆ. ವೆಬ್ ಎಲ್ಲರಿಗೂ ಬಳಸಲು ಬರಬೇಕು ಎಂದು ಮಾಡಿದ, 2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2 ಮಾನದಂಡ ಕೇಳುವ ಕನಿಷ್ಠ 24 ಪಿಕ್ಸೆಲ್‌ಗಿಂತ ಇದು ಸ್ವಲ್ಪವೇ ಮೇಲೆ. ಹೆಬ್ಬೆರಳಿಗೆ ಸಾಲದು. ಎ4 ಬೇಕೇ ಬೇಕು ಅಂದರೆ ಬಟನ್ 68 ಪಾಯಿಂಟ್ ಎತ್ತರ ಇರಬೇಕು, ಆಗ ಅದು ಪುಟದಲ್ಲಿ ಹಲಗೆಯಂತೆ ಕಾಣುತ್ತದೆ. ನಾನು ಪುಟವನ್ನೇ 400 ಪಾಯಿಂಟ್ ಅಗಲಕ್ಕೆ ಇಳಿಸಿದೆ. ಬಟನ್ ಜೊತೆಗೆ ಅಕ್ಷರಗಳೂ ಓದುವಂತಾದವು. ಈ ಪುಸ್ತಕವನ್ನು ಯಾರೂ ಪ್ರಿಂಟ್ ತೆಗೆಯುವುದಿಲ್ಲ, ಅಲ್ವಾ? ಮತ್ತೆ ಎ4 ಯಾಕೆ ಬೇಕು?

ಪಿಡಿಎಫ್‌ನ ದೊಡ್ಡ ತೊಡಕು ಒಂದಿದೆ. ಒಮ್ಮೆ ಕಳಿಸಿದರೆ ಅದು ಕೈಬಿಟ್ಟು ಹೋದ ಹಾಗೆ. ತರಗತಿಯ ಪುಟದ ವಿಳಾಸ ಬದಲಾಯಿತು, ಹಳೆಯ ವಿಳಾಸವಿದ್ದ ಪಿಡಿಎಫ್ ಆಗಲೇ ಎಷ್ಟೋ ಫೋನುಗಳಲ್ಲಿ ಕೂತಿತ್ತು. ಈಗ ಬಟನ್‌ಗೆ ನೇರ ವಿಳಾಸ ಕೊಡುವುದಿಲ್ಲ. ನನ್ನ ವೆಬ್‌ಸೈಟಿನ ಒಂದು ಚಿಕ್ಕ ವಿಳಾಸ ಕೊಟ್ಟು, ಅಲ್ಲಿಂದ ಬೇಕಾದ ಕಡೆ ತಿರುಗಿಸುತ್ತೇನೆ. ತಿರುಗಿಸುವಾಗ 302 ಅನ್ನುವ ತಾತ್ಕಾಲಿಕ ಸಂಕೇತವನ್ನೇ ಬಳಸಿ. 301 ಅಂದರೆ ಶಾಶ್ವತ ಎಂದು ಅರ್ಥ. ಬ್ರೌಸರ್ ಅದನ್ನು ನೆನಪಿಟ್ಟುಕೊಂಡು, ನೀವು ಬದಲಿಸಿದ ಮೇಲೂ ಹಳೆಯ ಕಡೆಗೇ ಕರೆದೊಯ್ಯಬಹುದು. ಲಿಂಕ್ ಒತ್ತಿದಾಗ ಕೆಲವು ಪಿಡಿಎಫ್ ಆ್ಯಪ್‌ಗಳು "ಈ ವಿಳಾಸಕ್ಕೆ ಹೋಗಲೇ?" ಎಂದು ಕೇಳುತ್ತವೆ. ಅಲ್ಲಿ ಗುರುತಿಲ್ಲದ ವಿಳಾಸ ಕಂಡರೆ ಜನ ಹಿಂದೆ ಸರಿಯುತ್ತಾರೆ. ಚಿಕ್ಕ ವಿಳಾಸ ನಿಮ್ಮದೇ ಹೆಸರಿನದ್ದಾಗಿರಲಿ ಅನ್ನುವುದು ಅದಕ್ಕೇ.

ಇನ್ನು ಫ್ಲಿಪ್‌ಬುಕ್. ಪಿಡಿಎಫ್ ಎಲ್ಲಿ ಸೋತಿತೋ ಅಲ್ಲಿ ಇದು ಗೆದ್ದಿತು. ವಿಳಾಸ ಬದಲಿಸಿ ಉಳಿಸಿದರೆ ಆ ಕ್ಷಣದಿಂದ ಎಲ್ಲರಿಗೂ ಹೊಸದೇ. ಯಾವ ಪುಟದವರೆಗೆ ಓದಿದರು, ಯಾವ ಬಟನ್ ಒತ್ತಿದರು ಅನ್ನುವ ಲೆಕ್ಕವೂ ಸಿಗುತ್ತದೆ. ಪಿಡಿಎಫ್‌ನಲ್ಲಿ ಈ ಲೆಕ್ಕ ಬೇಕಾದರೆ ಪ್ರತಿ ಬಟನ್‌ನ ವಿಳಾಸಕ್ಕೆ ಬೇರೆ ಬೇರೆ ಯುಟಿಎಂ ಟ್ಯಾಗ್ (ಎಲ್ಲಿಂದ ಬಂದರು ಎಂದು ತೋರಿಸುವ ಗುರುತು) ಹಚ್ಚಬೇಕು. ಆಗಲೂ ಬಂದವರ ಲೆಕ್ಕ ಸಿಗುತ್ತದೆಯೇ ಹೊರತು ಓದಿದವರದ್ದಲ್ಲ.

ಆದರೆ ಬಲ ಅಂಚಿಗೆ ಇಟ್ಟಿದ್ದ ಬಟನ್ ಒತ್ತಿದರೆ ಪುಟ ತಿರುಗುತ್ತಿತ್ತು! ಅಂಚು ಇರುವುದೇ ಪುಟ ತಿರುವಲು. ಬಟನ್ ಅನ್ನು ನಡುವೆ ತಂದ ಮೇಲೆ ಸರಿಯಾಯಿತು. ಎರಡನೆಯ ತೊಂದರೆಯನ್ನು ಕಂಡುಹಿಡಿಯಲು ಎರಡು ದಿನ ಬೇಕಾಯಿತು. ಫ್ಲಿಪ್‌ಬುಕ್ ಅನ್ನು ವೆಬ್‌ಸೈಟಿನ ಚೌಕಟ್ಟಿನೊಳಗೆ, ಅಂದರೆ ಐಫ್ರೇಮ್‌ನಲ್ಲಿ, ಕೂರಿಸಿದ್ದೆ. ಬಟನ್ ಒತ್ತಿದರೆ ಆ ಚೌಕಟ್ಟಿನಲ್ಲೇ ಖಾಲಿ ಜಾಗ ಕಾಣುತ್ತಿತ್ತು. ತರಗತಿಗೆ ಹೆಸರು ಕೊಡುವ ಸೈಟು ಬೇರೆಯವರ ಚೌಕಟ್ಟಿನಲ್ಲಿ ತೆರೆಯಲು ಬಿಡುವುದಿಲ್ಲ, ಸುರಕ್ಷತೆಗಾಗಿ ಎಷ್ಟೋ ಸೈಟುಗಳು ಹೀಗೇ ಮಾಡುತ್ತವೆ. ಲಿಂಕ್ ಹೊಸ ಟ್ಯಾಬಿನಲ್ಲಿ ತೆರೆಯುವಂತೆ ಬದಲಿಸಿದರೆ ಸಾಕಾಗಿತ್ತು. ನೆಟ್ ನಿಧಾನವಿದ್ದಾಗ ಪುಟಗಳು ಬರುವಷ್ಟರಲ್ಲಿ ಗೆಳತಿಯೊಬ್ಬಳು ಮುಚ್ಚಿಯೇ ಬಿಟ್ಟಳು. ಆ ಸಮಸ್ಯೆಗೆ ನನ್ನ ಹತ್ತಿರ ಮದ್ದಿಲ್ಲ.

ಇ-ಪಬ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉದ್ದದ ಬರಹ ಓದಲು ಅದೇ ಹಿತ. ಅಕ್ಷರ ದೊಡ್ಡದು ಮಾಡಬಹುದು, ಸಾಲು ತಾನೇ ಹೊಂದಿಕೊಳ್ಳುತ್ತದೆ. ಆದರೆ ಬಟನ್‌ನ ರೂಪ ಓದುವ ಆ್ಯಪ್‌ನ ಕೈಯಲ್ಲಿದೆ. ರಾತ್ರಿ ಓದುವ ಬಣ್ಣಕ್ಕೆ ಬದಲಿಸಿದಾಗ ನನ್ನ ಕಿತ್ತಳೆ ಹಿನ್ನೆಲೆ ಮಾಯವಾಗಿ ಬರೀ ಪದಗಳು ಉಳಿದವು. ಕಾಗದದಂತೆ ಕಾಣುವ ಕಪ್ಪು-ಬಿಳುಪು ಇ-ಇಂಕ್ ಪರದೆಯಲ್ಲಿ ಎಲ್ಲ ಬೂದು. ಗೆರೆಯ ಅಂಚು ಕೊಟ್ಟು, ಅಕ್ಷರಕ್ಕೆ ಅಡಿಗೆರೆ ಹಾಕಿದರೆ ಮಾತ್ರ ಇದು ಒತ್ತುವಂಥದ್ದು ಎಂದು ತಿಳಿಯುತ್ತದೆ.

ಮೂರರಲ್ಲೂ ಒಂದೇ ಸಮನಾಗಿ ಫಲ ಕೊಟ್ಟದ್ದು ಬಟನ್ ಮೇಲಿನ ಮಾತು. ಮೊದಲು "ಇಲ್ಲಿ ಒತ್ತಿ" ಎಂದಿತ್ತು. ಕಣ್ಣು ಕಾಣದವರು ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ನಲ್ಲಿ ಲಿಂಕ್‌ಗಳ ಪಟ್ಟಿ ಮಾತ್ರ ಕೇಳಿಸಿಕೊಂಡು ಆರಿಸುವುದುಂಟು. ಪುಸ್ತಕದ ತುಂಬ "ಇಲ್ಲಿ ಒತ್ತಿ, ಇಲ್ಲಿ ಒತ್ತಿ" ಅಂತಿದ್ದರೆ ಅವರಿಗೆ ಏನು ತಿಳಿಯಬೇಕು? ಆಮೇಲೆ "ನೋಂದಾಯಿಸಿಕೊಳ್ಳಿ" ಎಂದು ಬದಲಿಸಿದೆ. ಪದ ಉದ್ದವಾಗಿ ಬಟನ್‌ನಲ್ಲಿ ಹಿಡಿಸಲಿಲ್ಲ, ಕೆಳಗಿನ ಒತ್ತಕ್ಷರ ಅಂಚಿಗೆ ತಾಗಿತು. ಕನ್ನಡದ ಬಟನ್‌ಗೆ ಕೆಳಗೆ ಸ್ವಲ್ಪ ಹೆಚ್ಚೇ ಜಾಗ ಬಿಡಬೇಕು. ಕೊನೆಗೆ "ತರಗತಿಗೆ ಹೆಸರು ಕೊಡಿ" ನಿಂತಿತು. ಬಿಳಿ ಅಕ್ಷರಕ್ಕೆ ಕಿತ್ತಳೆ ಹಿನ್ನೆಲೆ ಬಿಸಿಲಲ್ಲಿ ಕಾಣುತ್ತಿರಲಿಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಹಿನ್ನೆಲೆಯ ಜೊತೆ 4.5:1 ಕಾಂಟ್ರಾಸ್ಟ್ (ಬೆಳಕಿನ ಅಂತರ) ಬೇಕು ಎನ್ನುತ್ತದೆ ಅದೇ ಮಾನದಂಡ, ನನ್ನದು ಅದಕ್ಕಿಂತ ಕಡಿಮೆ ಇತ್ತು. ಕಡುನೀಲಿಗೆ ಬದಲಿಸಿದೆ.

ಪ್ರತಿ ಪುಟದಲ್ಲೂ ಬಟನ್ ಇಟ್ಟು ನೋಡಿದ್ದೂ ಉಂಟು. ಅದು ಅಂಗಿ ಹಿಡಿದು ಎಳೆದ ಹಾಗಾಯಿತು, ಓದುವವರಿಗೆ ಕಿರಿಕಿರಿ. ಈಗ ಎರಡೇ ಇವೆ. ಒಂದು ಬೆಳಕಿನ ಅಭ್ಯಾಸ ಮುಗಿಯುವ ಪುಟದಲ್ಲಿ, ಇನ್ನೊಂದು ಕೊನೆಯಲ್ಲಿ. ಅಭ್ಯಾಸ ಮಾಡಿ ನೋಡಿದವರಿಗೆ ಇನ್ನಷ್ಟು ಕಲಿಯುವ ಆಸೆ ಹುಟ್ಟುವುದೇ ಆ ಹೊತ್ತಿನಲ್ಲಿ.

ನನ್ನ ಆಯ್ಕೆ ಕೇಳಿದರೆ, ಫೋನಿಂದ ಫೋನಿಗೆ ಕಳಿಸಲು ಲಿಂಕ್ ಹಚ್ಚಿದ ಸಣ್ಣ ಪುಟದ ಪಿಡಿಎಫ್. ವೆಬ್‌ಸೈಟಿನಲ್ಲಿ ಇಡಲು ಫ್ಲಿಪ್‌ಬುಕ್, ಅದೂ ವಿಳಾಸ, ದಿನಾಂಕ ಮತ್ತೆ ಮತ್ತೆ ಬದಲಾಗುವುದಿದ್ದರೆ. ಒಂದನ್ನೇ ಮಾಡಲು ಪುರುಸೊತ್ತು ಇದ್ದರೆ ಪಿಡಿಎಫ್ ಮಾಡುತ್ತೇನೆ, ನೆಟ್ ಇಲ್ಲದಾಗಲೂ ಓದಬಹುದು. ಮುಂದಿನ ಪುಸ್ತಕದ ಕರಡು ಸಿದ್ಧವಾಗುತ್ತಿದೆ. ಅದು ಮೊದಲು ಹೋಗುವುದು ಅಕ್ಕನ ಫೋನಿಗೇ.