ಸೋಲಾರ್ ಕ್ರೌನಾ, ಫೋರ್ಜಾ ಹೊರೈಜನ್ 5ಆ?

ತುಮಕೂರಿನಿಂದ ತಂಗಿ ಮಗ ಕೇಳಿದ: "ಮಾಮ, ಈ ಎರಡು ಕಾರ್ ರೇಸ್ ವಿಡಿಯೊ ಗೇಮ್‌ಗಳಲ್ಲಿ ಯಾವುದು ತಗೊಳ್ಳಲಿ?"

ಮೊದಲು ನಿನ್ನ ನೆಟ್ ನೋಡ್ಕೋ. ಸೋಲಾರ್ ಕ್ರೌನ್ ಒಬ್ಬನೇ ಆಡಿದರೂ ಇಂಟರ್ನೆಟ್ ಬೇಕೇ ಬೇಕು. 2024ರಲ್ಲಿ ಡೆಮೊ ಆಡುವಾಗ ನಮ್ಮನೆ ನೆಟ್ ಹೋಯಿತು, ಆಟವೂ ಅಲ್ಲಿಗೇ ನಿಂತಿತು. ಫೋರ್ಜಾವನ್ನು ನೆಟ್ ಇಲ್ಲದೆಯೂ ಒಂಟಿಯಾಗಿ ಆಡಬಹುದು. ಕರೆಂಟ್ ಹೋದರೆ ಎರಡೂ ಒಂದೇ ಬಿಡು!

ಸೋಲಾರ್ ಕ್ರೌನ್‌ನಲ್ಲಿ ಮುಖ್ಯವಾಗಿ ಇರುವುದು ಹಾಂಗ್‌ಕಾಂಗ್ ದ್ವೀಪ. ಇಕ್ಕಟ್ಟು ಬೀದಿ, ಏರು, ತಿರುವು. ದೇವರಾಯನದುರ್ಗಕ್ಕೆ ನಿಧಾನವಾಗಿ ಗಾಡಿ ಹತ್ತಿಸುವುದು ಇಷ್ಟವಿದ್ದವರಿಗೆ ಇದು ಹಿಡಿಸುತ್ತದೆ. ಶೋರೂಮಿಗೆ ಹೋಗಿ ಕಾರೊಳಗೆ ಸುಮ್ನೆ ಕೂರಬಹುದು. ನನಗಂತೂ ಅದೇ ಜಾಸ್ತಿ ಖುಷಿ ಕೊಟ್ಟಿತು. ಫೋರ್ಜಾದ ಮೆಕ್ಸಿಕೋದಲ್ಲಿ ಮರಳು, ಕಾಡು, ಜ್ವಾಲಾಮುಖಿ. ರಸ್ತೆ ಬಿಟ್ಟು ಹೊಲಕ್ಕೆ ನುಗ್ಗಿದರೂ ಕೇಳುವವರಿಲ್ಲ. ಗೆಳೆಯರ ಜೊತೆ ಗಲಾಟೆ ಮಾಡಲು ಇದೇ ಸರಿ, ಅಲ್ವಾ?

ನಿನ್ನ ಹತ್ತಿರ ಹಳೆಯ ಎಕ್ಸ್‌ಬಾಕ್ಸ್ ಒನ್ (ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರ) ಇದ್ದರೆ ಯೋಚನೆಯೇ ಬೇಡ, ಅದರಲ್ಲಿ ಓಡುವುದು ಫೋರ್ಜಾ ಮಾತ್ರ.