ನೀರುದೋಸೆ ಪಾಸು, ತೋಡು ಫೇಲು

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಕಡೆಯ ಈ ಹೋಟೆಲಿನ ನೀರುದೋಸೆ, ಬಸಳೆ ಸಾಂಬಾರು ನಿಜಕ್ಕೂ ರುಚಿ. ಗೋಳಿಬಜೆ ಮಾತ್ರ ಎಣ್ಣೆ ಕುಡಿದಿತ್ತು. ಕೈತೊಳೆಯಲು ಹಿತ್ತಿಲಿಗೆ ಹೋದರೆ ಅಡುಗೆಮನೆಯ ಜಿಡ್ಡುನೀರು ನೇರವಾಗಿ ತೋಡಿಗೆ, ಅಂದರೆ ಪಕ್ಕದ ಸಣ್ಣ ಹಳ್ಳಕ್ಕೆ, ಬೀಳುತ್ತಿದೆ. ಕೆಳಗಿನ ಅಡಿಕೆ ತೋಟದವರು ಬೇಸಿಗೆಯಲ್ಲಿ ಕಟ್ಟ ಹಾಕಿ ನೀರು ನಿಲ್ಲಿಸುವುದು ಅದೇ ತೋಡಿಗೆ. ಕೇಳಿದ್ದಕ್ಕೆ ಯಜಮಾನರು, "ಮಳೆ ಬಂದರೆ ಎಲ್ಲ ಹೋಗುತ್ತದೆ ಮಾಷ್ಟ್ರೇ" ಎಂದರು. ಹೋಗುವುದು ಎಲ್ಲಿಗೆ? ಅದೂ ಈ ಊರಿನಲ್ಲಿ ಇಂಥ ಮಾತೇ! ಇಲ್ಲಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು 2000ದವರೆಗೆ. ಆ ವಿಷದಿಂದ ನರಳಿದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಸುಪ್ರೀಂ ಕೋರ್ಟ್ ಕೇರಳ ಸರಕಾರಕ್ಕೆ ಆದೇಶಿಸಿದ್ದು 2017ರಲ್ಲಿ. ಜಿಡ್ಡು ತಡೆಯುವ ತೊಟ್ಟಿ, ಒಂದು ಇಂಗುಗುಂಡಿ ಕಟ್ಟಿಸಲು ಅಷ್ಟು ಕಾಲ ಬೇಡ. ಕಟ್ಟಿಸಿದರೆ ಉಳಿದ ನಕ್ಷತ್ರಗಳನ್ನೂ ಕೊಡುತ್ತೇನೆ. ಸದ್ಯಕ್ಕೆ ಎರಡು, ಅವೂ ದೋಸೆ ಹೊಯ್ಯುವ ಅಕ್ಕನಿಗೆ.