.315ರ ಭಾರದ ಗುಂಡು: ಪೊದೆ ಸೀಳುತ್ತದಾ?

ನಮ್ಮ ಕೊಡಗಿನ ಕಡೆ ಕೋವಿ ಇರುವ ಮನೆಯಲ್ಲಿ ನಾಲ್ಕು ಜನ ಹಿರಿಯರು ಕೂತರೆ ಈ ಮಾತು ಬಂದೇ ಬರುತ್ತದೆ: ಹಗುರ ಗುಂಡು ಸೊಪ್ಪಿಗೆ ತಾಗಿದರೂ ದಾರಿ ತಪ್ಪುತ್ತದೆ, ಭಾರದ ಗುಂಡು ಕಡ್ಡಿ ಕಡಿದುಕೊಂಡು ನೆಟ್ಟಗೆ ಹೋಗುತ್ತದೆ. ನನ್ನ ಹತ್ತಿರ ಇರುವುದು .315 ರೈಫಲ್. ಹಾಕುವುದು ಖಡ್ಕಿ ಕಾರ್ಖಾನೆಯ ಸಾಫ್ಟ್ ನೋಸ್ ತೋಟಾ (ಕಾರ್ಟ್ರಿಜ್). ಗುಂಡಿನ ತೂಕ 244 ಗ್ರೇನ್, ಅಂದರೆ ಹತ್ತಿರ ಹತ್ತಿರ 16 ಗ್ರಾಂ. .22ರ ಗುಂಡು ಎರಡೂವರೆ ಗ್ರಾಂ ಚಿಲ್ಲರೆ. ಭಾರದ ಗುಂಡು ಅಂದರೆ ಇದೇ ಅಲ್ವಾ?

ಮೊದಲೇ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇಲ್ಲಿ ಶಿಕಾರಿ ಈಗ ಮುಗಿದ ಕತೆ. ಕೊಡವರಿಗೂ ಜಮ್ಮಾ (ಕೊಡಗಿನ ಹಳೇ ಜಮೀನು ಹಕ್ಕು) ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ 2029ರವರೆಗೆ ಇದೆ, ನಿಜ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಹಂದಿ ಹಿಂದೆ ಹೋಗುವುದಕ್ಕಲ್ಲ. ನಾನು ಇದನ್ನು ಬರೆಯಲು ಕಾರಣ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರುವ ನನ್ನ ತಂಗಿ ಗಂಡ. ಅಲ್ಲಿ ನವೆಂಬರಿನಲ್ಲಿ ಲೈಸೆನ್ಸ್ ಪಡೆದು ಬಿಳಿಬಾಲದ ಜಿಂಕೆ ಹೊಡೆಯಬಹುದು. 'ಭಾವ, ಕಾಡು ತುಂಬಾ ದಟ್ಟ. .30-30 ರೈಫಲ್‌ಗೆ 150 ಗ್ರೇನ್ ಗುಂಡು ತಗೊಳ್ಳಲಾ, 170 ತಗೊಳ್ಳಲಾ?' ಅಂತ ಕೇಳಿದ.

ಸುಮ್ನೆ ಬಾಯಿಗೆ ಬಂದದ್ದು ಹೇಳುವುದು ಬೇಡ ಅನಿಸಿತು. ಕೈಲ್ ಪೊಳ್ದ್ (ಕೊಡವರ ಆಯುಧ ಹಬ್ಬ) ದಿನದ ತೆಂಗಿನಕಾಯಿ ಹೊಡೆಯುವ ಸ್ಪರ್ಧೆ ಮುಗಿದ ಮೇಲೆ ಅದೇ ಮೈದಾನದಲ್ಲಿ, ಎತ್ತರದ ಮಣ್ಣಿನ ಬರೆಯನ್ನು ಹಿಂದಿಟ್ಟುಕೊಂಡು ನೋಡಿದೆವು. ಲಂಟಾನದ ಹಸಿ ಕಡ್ಡಿಗಳನ್ನು ಬೇಲಿ ಕಟ್ಟಿದ ಹಾಗೆ ಒತ್ತೊತ್ತಾಗಿ ನಿಲ್ಲಿಸಿದೆವು. ಬೇಲಿ ಗುರಿಯ ಕಾಗದಕ್ಕೆ ತಾಗಿಕೊಂಡಿದ್ದಾಗ ಗುಂಡು ಹೇಳಿದ ಜಾಗಕ್ಕೇ ಬಿತ್ತು. ಅದೇ ಬೇಲಿಯನ್ನು ಇಪ್ಪತ್ತು ಅಡಿ ಈಚೆ ತಂದು ಹೊಡೆದಾಗ ಒಂದು ಗುಂಡು ಗೇಣುದ್ದ ಬಲಕ್ಕೆ ಹೋಯಿತು, ಇನ್ನೊಂದು ಕಾಗದದ ಮೂಲೆಗೆ. ಆ ಮೂಲೆಯ ತೂತು ದುಂಡಗಿರಲಿಲ್ಲ. ಗುಂಡು ಅಡ್ಡಡ್ಡ ಮಲಗಿ ಒಳಗೆ ಹೋದ ಗುರುತು, ಉದ್ದಕ್ಕೆ ಹರಿದಿತ್ತು. ಅಂಚಿನಲ್ಲಿ ಸೀಸದ ಬೂದು ಮಸಿ.

ಕಾರಣ ಕಷ್ಟದ್ದೇನಲ್ಲ. ಸಾಫ್ಟ್ ನೋಸ್ ಗುಂಡಿನ ತುದಿ ಬರೀ ಸೀಸ. ಕಡ್ಡಿಗೆ ತಾಗಿದ ಕೂಡಲೇ ಒಂದು ಪಕ್ಕ ಚಪ್ಪಟೆಯಾಗುತ್ತದೆ, ತಿರುಗುವ ಗುಂಡು ಓಲಾಡಲು ಶುರು ಮಾಡುತ್ತದೆ. ಅಲ್ಲಿಂದ ಗುರಿ ಎಷ್ಟು ದೂರವೋ ತಪ್ಪು ಅಷ್ಟು ದೊಡ್ಡದು. ಮೊಂಡು ಮೂತಿಯ, ಉದ್ದನೆಯ, ನಿಧಾನದ ಗುಂಡು ಸ್ವಲ್ಪ ಕಮ್ಮಿ ದಾರಿ ತಪ್ಪಬಹುದು. ಆ 'ಸ್ವಲ್ಪ'ವನ್ನು ನಂಬಿ ಜೀವ ಇರುವ ಪ್ರಾಣಿಯ ಮೇಲೆ ಕುದುರೆ (ಟ್ರಿಗರ್) ಎಳೆಯಬಾರದು. ಸಂದಿ ಸಿಗುವವರೆಗೆ ಕಾಯಬೇಕು.

ಹಾಗಾದರೆ ಭಾರ ಯಾಕೆ? ಪೊದೆ ದಾಟಿದ ಮೇಲಿನ ಕೆಲಸಕ್ಕೆ. ಭಾರದ ಗುಂಡು ಹೆಗಲ ಮೂಳೆ ಮುರಿದುಕೊಂಡು ಆಚೆ ಬರುವ ಸಾಧ್ಯತೆ ಜಾಸ್ತಿ. ಎರಡು ತೂತಾದರೆ ರಕ್ತದ ಜಾಡು ಚೆನ್ನಾಗಿ ಸಿಗುತ್ತದೆ. ಹತ್ತು ಮಾರು ಆಚೆ ಕಾಣದ ಕಾಡಿನಲ್ಲಿ ಅದೇ ದೊಡ್ಡ ವಿಷಯ. ಅವನಿಗೆ 170 ಗ್ರೇನೇ ತಗೋ ಅಂದೆ, ಕಡ್ಡಿ ಕಡಿಯುತ್ತೆ ಅಂತ ಮಾತ್ರ ತಗೋಬೇಡ ಅಂದೆ.

ಇನ್ನು ನಮ್ಮ .315. ಸೇನೆಯ .303 ಜನರ ಕೈಗೆ ಸಿಗಬಾರದು ಅಂತ ಬ್ರಿಟಿಷರ ಕಾಲದಲ್ಲೇ ನಿರ್ಬಂಧ ಹಾಕಿದ್ದರಿಂದ ಇಲ್ಲಿ ಬೆಳೆದ ಬೋರು (ನಳಿಗೆಯ ಅಳತೆ) ಇದು. ವೇಗ ಸೆಕೆಂಡಿಗೆ ಸುಮಾರು 600 ಮೀಟರ್, ಇವತ್ತಿನ ಲೆಕ್ಕದಲ್ಲಿ ನಿಧಾನ. ನೂರು ಗಜದೊಳಗೆ ನನಗೆ ದೂರಿಲ್ಲ. ಭುಜಕ್ಕೆ ಒದೆ ಚೆನ್ನಾಗೇ ಕೊಡುತ್ತದೆ. ತೆಂಗಿನಕಾಯಿ ಹೊಡೆಯಲು ಇದನ್ನು ಹಿಡಿಯುವುದು ದುಡ್ಡು ದಂಡ, .22 ಸಾಕು.

ಮ್ಯಾಗಜಿನ್ ತುಂಬುವಾಗ ಒಂದು ಗಮನ ಇರಲಿ. ಈ ತೋಟಾದ ಬುಡಕ್ಕೆ ಅಂಚು ಇದೆ. ಮೇಲಿನ ತೋಟಾದ ಅಂಚು ಕೆಳಗಿನದರ ಮುಂದೆ ಕೂರಬೇಕು. ಹಿಂದೆ ಕೂತರೆ ಬೋಲ್ಟ್ ತಳ್ಳುವಾಗ ಎರಡೂ ಸಿಕ್ಕಿಕೊಳ್ಳುತ್ತವೆ.

ಕೊಡಗಿನಲ್ಲಿ ಮಳೆಗಾಲ ತೋಟಾಗಳಿಗೆ ದೊಡ್ಡ ಶತ್ರು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಹಿತ್ತಾಳೆ ಬಿಡುತ್ತದಾ? ಗಾಳಿ ಆಡದ ಡಬ್ಬದಲ್ಲಿ ಸಿಲಿಕಾ ಪೊಟ್ಟಣದ ಜೊತೆ ಇಡಿ. ಚರ್ಮದ ಬೆಲ್ಟಿನಲ್ಲಿ ಬಿಟ್ಟರೆ ಹಸಿರು ಕಿಲುಬು ಗ್ಯಾರಂಟಿ. ಒಂದು ಅಂಗಡಿಯಲ್ಲಿ ನನಗೆ ಅಂಥದ್ದೇ ಕಿಲುಬು ಹಿಡಿದ ಹಳೇ ಸರಕನ್ನು ಹೊಸ ರೇಟಿಗೆ ದಾಟಿಸಿದ್ದರು. ಅದಕ್ಕೇ ದುಡ್ಡು ಕೊಡುವ ಮೊದಲು ಪೆಟ್ಟಿಗೆ ಬಿಚ್ಚಿಸಿ, ಒಂದೊಂದೇ ತೋಟಾ ಬೆಳಕಿಗೆ ಹಿಡಿದು ನೋಡಿ. ಬಿಚ್ಚಲು ಬಿಡದಿದ್ದರೆ ಬೇರೆ ಅಂಗಡಿ ನೋಡಿಕೊಳ್ಳಿ.